ಸುಲೋಚನಾಬಾಯಿಯ ಹೊಟ್ಟೆನೋವು

ಸುಲೋಚನಾಗೆ ಹೊಟ್ಟೆನೋವು ಶುರುವಾದದ್ದು ಧಾರವಾಡದಿಂದ ವಿಜಯವಾಡಕ್ಕೆ ಬಂದ ಎರಡನೆಯ ಬೇಸಿಗೆಯಲ್ಲಿ, ಅಂದರೆ ಎಂಬತ್ಮೂರನೆಯ ಇಸವಿಯಲ್ಲಿ. ಕಾರಣವನ್ನು ಒಬ್ಬೊಬ್ಬರು ಒಂದೊಂದು ಹೇಳಿದರು. ನೋಡಲು ಬಂದ ಅಣ್ಣ ಇದೆಲ್ಲ ಆಂಧ್ರದ ಖಾರದ ಪ್ರತಾಪ ಎಂದ. ಪಟಮಟ ಬಡಾವಣೆಯಲ್ಲಿ ಅವರಿಗೆ ತನ್ನ ಮಹಡಿಯ ಮನೆ ಬಾಡಿಗೆಗೆ ಕೊಟ್ಟಿದ್ದ ಕೋಟೇಶ್ವರಮ್ಮ, ಖಾರ ತಿನ್ನದೆ ಹೊಟ್ಟೆಯನ್ನು ಹಾಗೆ ಸಪ್ಪಗೆ ಇಟ್ಟುಕೊಂಡರೆ ನೋಯದೆ ಇನ್ನೇನು ಎಂದಳು. ಅತ್ತೆ ಗೋದಾಬಾಯಿ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ, ಬಟ್ಟಿ ಸರಿದಿದೆ, ಹೊಕ್ಕಳು ಜರುಗಿದೆ ಎಂದು ತೀರ್ಪು ಕೊಟ್ಟು, ಸೊಸೆಯನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ ಹೊಕ್ಕಳ ಸುತ್ತ ಹರಳೆಣ್ಣೆ ಹಚ್ಚಿ ತಿಕ್ಕಿದರು. ಎರಡು ದಿನ ನೋವು ಹೋಯಿತು. ಮೂರನೆಯ ದಿನ ಊಟವಾದ ಅರ್ಧ ಗಂಟೆಗೆ ಮತ್ತೆ ಬಂದು ಎದೆಗೂಡಿನ ಕೆಳಗೆ ಕೂತಿತು.

ಗಂಡ ರಮಾಕಾಂತ ಮಾತ್ರ ಯಾವ ಕಾರಣವನ್ನೂ ಹೇಳಲಿಲ್ಲ. ಅವನು ಮಾತಿನ ಮನುಷ್ಯನಲ್ಲ. ಬ್ಯಾಂಕಿನಲ್ಲಿ ಆಫೀಸರಾಗಿ ಬಡ್ತಿ ಸಿಕ್ಕಿ ಈ ಊರಿಗೆ ಬಂದವನು. ಬೆಳಿಗ್ಗೆ ಒಂಬತ್ತಕ್ಕೆ ಬಸ್ಸು ಹತ್ತಿದರೆ ಸಂಜೆ ಏಳಕ್ಕೆ ಇಳಿಯುವವನು. ಆದರೆ ಹೊಟ್ಟೆನೋವು ಎಂಬ ಶಬ್ದ ಕೇಳಿದರೆ ಅವನ ಮುಖದ ಬಣ್ಣ ಇಳಿಯುತ್ತಿತ್ತು. ಅದಕ್ಕೆ ಕಾರಣವಿತ್ತು. ಅವನ ತಂದೆ ನಾಲ್ಕು ವರ್ಷ ಹೊಟ್ಟೆ ನೋಯುತ್ತದೆ ಎನ್ನುತ್ತ, ಏನಾಗಿಲ್ಲ ಬಿಡು ಎಂದು ಅವರೇ ಸಮಾಧಾನ ಹೇಳಿಕೊಳ್ಳುತ್ತ, ಒಂದು ಮಧ್ಯಾಹ್ನ ಹುಣ್ಣು ಒಡೆದು ಟಾಂಗಾದಲ್ಲೇ ಕಣ್ಣು ಮುಚ್ಚಿದ್ದರು. ದವಾಖಾನೆ ಮುಟ್ಟಲು ಇನ್ನೂ ಅರ್ಧ ಹಾದಿ ಇತ್ತು. ಟಾಂಗಾದಲ್ಲಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವನು ಹದಿನೇಳು ವರ್ಷದ ರಮಾಕಾಂತ.

ಹಾಗಾಗಿ ಹೆಂಡತಿಯ ಹೊಟ್ಟೆಯನ್ನು ಅವನು ಹೊತ್ತುಕೊಂಡು ತಿರುಗಿದ ರೀತಿಯನ್ನು ಹೇಳಬೇಕು. ಸೂರ್ಯರಾವುಪೇಟೆಯ ಡಾಕ್ಟರುಗಳ ಬೀದಿಯಲ್ಲಿ ಅವನು ಹತ್ತದ ಮೆಟ್ಟಿಲು ಉಳಿಯಲಿಲ್ಲ. ಸುಣ್ಣದ ನೀರಿನಂಥ ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆಸಿದ್ದಾಯಿತು. ರಕ್ತ, ಮಲ, ಮೂತ್ರ ಎಲ್ಲ ಪರೀಕ್ಷೆಯೂ ಆಯಿತು. ಒಬ್ಬರು ಗ್ಯಾಸು ಎಂದರು, ಒಬ್ಬರು ಆಮಶಂಕೆ ಎಂದರು, ಹೋಮಿಯೋಪತಿಯವರು ನಿಮಗೆ ಕನಸಿನಲ್ಲಿ ಹಾವು ಕಾಣುತ್ತದೆಯೇ ಎಂದು ಕೇಳಿದರು. ಗುಲಾಬಿ ಬಣ್ಣದ ಔಷಧದ ಖಾಲಿ ಬಾಟಲಿಗಳು ಅಡುಗೆಮನೆಯಲ್ಲಿ ಸಾಲುಗಟ್ಟಿದವು. ಗೋದಾಬಾಯಿ ಅವುಗಳಲ್ಲಿ ಹರಳೆಣ್ಣೆ, ಕೊಬ್ಬರಿ ಎಣ್ಣೆ, ಗಂಗಾಜಲ ತುಂಬಿಟ್ಟರು. ಬ್ಯಾಂಕಿನವರು ವರ್ಷಕ್ಕೊಮ್ಮೆ ಔಷಧಕ್ಕೆಂದು ಕೊಡುತ್ತಿದ್ದ ಹಣ ಸಂಕ್ರಾಂತಿಯ ಹೊತ್ತಿಗೇ ಮುಗಿದುಹೋಗುತ್ತಿತ್ತು. ಐದು ವರ್ಷದ ಹಿಂದೆ ಹೆಸರು ಬರೆಸಿದ್ದ ಸ್ಕೂಟರಿನ ಸರದಿ ಬಂದಾಗ ರಮಾಕಾಂತ ಅದನ್ನು ಜೊತೆಯ ಆಫೀಸರ್ ಜಗನ್ಮೋಹನನಿಗೆ ಬಿಟ್ಟುಕೊಟ್ಟು, ತನಗೆ ಬಸ್ಸೇ ಅನುಕೂಲ ಎಂದ. ಪಟಮಟದ ಬಸ್ಸಿನಲ್ಲಿ ಒಂಟಿ ಕಾಲಿನ ಮೇಲೆ ನಿಲ್ಲುವುದು ಯಾರಿಗೆ ಅನುಕೂಲವೋ ಆ ದೇವರೇ ಬಲ್ಲ.

ಕೊನೆಗೆ ಯಾರೋ ವಿಶಾಖಪಟ್ಟಣದ ಡಾಕ್ಟರ್ ನರಸಿಂಹಮೂರ್ತಿಯ ಹೆಸರು ಹೇಳಿದರು. ಹೊಟ್ಟೆಯ ವಿಷಯ ಬಿಟ್ಟು ಬೇರೆ ಏನನ್ನೂ ನೋಡದ ಡಾಕ್ಟರು. ಬಾಯಿಂದ ಪೈಪು ಇಳಿಸಿ ಹೊಟ್ಟೆಯೊಳಗೆ ದೀಪ ಹಚ್ಚಿ ನೋಡುತ್ತಾರಂತೆ ಎಂಬ ಸುದ್ದಿ. ಎಂಬತ್ತೈದರ ನವೆಂಬರಿನಲ್ಲಿ ರಮಾಕಾಂತ ಮೂರು ದಿನ ರಜೆ ಹಾಕಿ, ವರ್ಷದ ಮಗಳು ಪದ್ಮಾಳನ್ನು ತಾಯಿಯ ಹತ್ತಿರ ಬಿಟ್ಟು, ಹೆಂಡತಿಯನ್ನು ರೈಲು ಹತ್ತಿಸಿದ.

ಆ ಡಾಕ್ಟರದು ಒಂದು ಪದ್ಧತಿ. ಪೈಪು ಹಾಕಿದ ದಿನ ಅವರು ರೋಗಿಯ ಜೊತೆ ಮಾತಾಡುತ್ತಿರಲಿಲ್ಲ. ಗಂಟಲು ಮರಗಟ್ಟಿದವರು ಪ್ರಶ್ನೆ ಕೇಳಲಾರರು, ಪ್ರಶ್ನೆ ಕೇಳದವರಿಗೆ ಉತ್ತರ ಹೇಳಿ ಏನು ಉಪಯೋಗ ಎನ್ನುವುದು ಅವರ ವಾದ. ಮರುದಿನ ಗಂಡಹೆಂಡಿರಿಬ್ಬರನ್ನೂ ಕೂರಿಸಿಕೊಂಡು ಇಪ್ಪತ್ತು ನಿಮಿಷ ಮಾತಾಡುತ್ತಿದ್ದರು. ಹುಣ್ಣಿಲ್ಲ, ಗಡ್ಡೆಯಿಲ್ಲ ಎಂದರು. ಹಾಗೆಂದು ನೋವು ಸುಳ್ಳಲ್ಲ, ಹೊಟ್ಟೆಗೂ ನರಗಳಿವೆ, ಕೆಲವರ ಹೊಟ್ಟೆ ಬಲು ಮುನಿಸಿನದು ಎಂದರು. ನಿಮ್ಮ ನೋವು ನಿಜ ಎಂದು ಒಬ್ಬ ಡಾಕ್ಟರು ಮುಖ ನೋಡಿ ಹೇಳಿದ್ದು ಅದೇ ಮೊದಲು. ಸುಲೋಚನಾಗೆ ಅಲ್ಲೇ ಅಳು ಬಂತು. ಮಾತ್ರೆ ಬರೆದುಕೊಟ್ಟರು, ಪಥ್ಯ ಹೇಳಿದರು, ಪೈಪು ಎರಡು ಮೂರು ವರ್ಷಕ್ಕೊಮ್ಮೆ ಹಾಕಿದರೆ ಸಾಕು ಎಂದರು. ರಮಾಕಾಂತ ಕೇಳಲಿಲ್ಲ. ಪ್ರತಿ ವರ್ಷ ನೋಡಲೇಬೇಕು ಎಂದು ಹಟ ಹಿಡಿದ. ಟಾಂಗಾದ ಕತೆಯನ್ನು ಕೇಳಿದ ಮೇಲೆ ಡಾಕ್ಟರು, ಆಗಲಿ, ನಿಮ್ಮ ಸಮಾಧಾನಕ್ಕೆ ಎಂದರು.

ಹೀಗೆ ವರ್ಷಕ್ಕೊಮ್ಮೆ ಮೂರು ದಿನದ ವಿಶಾಖಪಟ್ಟಣ ಶುರುವಾಯಿತು. ಈ ಮೂರು ದಿನ ಏನೆಂದು ತಿಳಿಯಬೇಕಾದರೆ ಪಟಮಟದ ಮನೆ ಗೊತ್ತಿರಬೇಕು. ಎರಡೇ ಖೋಲಿಗಳು. ಒಂದರಲ್ಲಿ ಅಡುಗೆ ಮತ್ತು ದೇವರು, ಇನ್ನೊಂದರಲ್ಲಿ ಉಳಿದ ಪ್ರಪಂಚ. ಗೋದಾಬಾಯಿ ಕೆಟ್ಟವರಲ್ಲ, ಆದರೆ ಅವರ ಕಿವಿ ಬಹಳ ಚುರುಕು. ಅವರಿಗೆ ತೆಲುಗು ಬಾರದು, ಹಾಗಾಗಿ ಹೊರಗೆ ಹೋಗಿ ಕೂರಲು ಒಂದು ಕಟ್ಟೆಯೂ ಇರಲಿಲ್ಲ. ಮೊಮ್ಮಗಳು ಕೂಡ ಬರಬರುತ್ತ ಅಜ್ಜಿಯ ಕನ್ನಡಕ್ಕೆ ತೆಲುಗಿನಲ್ಲೇ ಉತ್ತರ ಕೊಡತೊಡಗಿದಳು. ಇಪ್ಪತ್ನಾಲ್ಕು ತಾಸೂ ಮನೆಯೊಳಗಿರುವ ತಾಯಿಯ ಎದುರಿಗೆ ಹೆಂಡತಿಯ ಜೊತೆ ಹರಟೆ ಹೊಡೆಯುವುದು ರಮಾಕಾಂತ ಬೆಳೆದ ಮನೆಯಲ್ಲಿ ನಡತೆಗೇಡು. ನೀರು ಕೊಡು, ಅಂಗಿ ಎಲ್ಲಿ, ಇಷ್ಟೇ. ಮಗಳು ಹೇಗೆ ಹುಟ್ಟಿದಳು ಎಂದು ಕೇಳಬೇಡಿ, ಕೋಟೇಶ್ವರಮ್ಮನೂ ಅದನ್ನೇ ಕೇಳುತ್ತಿದ್ದಳು. ಒಂದು ಪ್ರಶ್ನೆಗೆ ಮಾತ್ರ ಆ ಮನೆಯಲ್ಲಿ ಪರವಾನಗಿ ಇತ್ತು. ಸಂಜೆ ಕಾಲು ತೊಳೆದು ಒಳಗೆ ಬಂದ ರಮಾಕಾಂತ ತಾಯಿಯ ಎದುರಿಗೇ ಕೇಳುತ್ತಿದ್ದ:

“ಇವತ್ತು ಹ್ಯಾಂಗದ?”

“ಅಷ್ಟೇ ಅದರಿ,” ಎನ್ನುತ್ತಿದ್ದಳು ಸುಲೋಚನಾ.

ಅದು ಅವರ ಆ ದಿನದ ಸಂಸಾರ.

ವಿಶಾಖಪಟ್ಟಣದಲ್ಲಿ ಅದೇ ಮನುಷ್ಯ ಬೇರೆಯಾಗಿಬಿಡುತ್ತಿದ್ದ. ರೈಲು ಗೋದಾವರಿಯ ಸೇತುವೆ ದಾಟುವ ಹೊತ್ತಿಗೆ ಬಾಯಿ ಬಿಚ್ಚುತ್ತಿದ್ದ. ತುನಿ ಸ್ಟೇಷನ್ನು ಬರುವಷ್ಟರಲ್ಲಿ ಶಾಲೆಯ ದಿನಗಳಿಗೆ ಹೋಗಿರುತ್ತಿದ್ದ. ಪೈಪು ಹಾಕಿದ ದಿನ ಸಂಜೆ, ಗಂಟಲು ತಣ್ಣಗಾಗಲೆಂದು ಸಮುದ್ರದ ದಂಡೆಯಲ್ಲಿ ಐಸ್‌ಕ್ರೀಮ್ ಕೊಡಿಸಿ, ಅವಳಿಗೆ ಮಾತಾಡಲು ಆಗುವುದಿಲ್ಲವೆಂದು ತಾನೇ ಇಬ್ಬರ ಪಾಲಿನ ಮಾತನ್ನೂ ಆಡುತ್ತಿದ್ದ. ದೂರದಲ್ಲಿ ನಿಂತ ಹಡಗುಗಳು ಯಾವ ದೇಶದವು ಎಂದು ಗೊತ್ತಿಲ್ಲದೆಯೂ ಗೊತ್ತಿದ್ದವನಂತೆ ಹೇಳುತ್ತಿದ್ದ. ಲಾಡ್ಜಿನಲ್ಲಿ ಅವಳ ಸೀರೆಯನ್ನು ತಾನೇ ಹಿಂಡಿ ಒಣಹಾಕುತ್ತಿದ್ದ. ಸುಲೋಚನಾಗೆ ಆಗ ಮೂವತ್ತರ ಆಸುಪಾಸು. ತನ್ನ ಗಂಡ ಇಷ್ಟು ನಗಿಸಬಲ್ಲ ಎಂದು ಅವಳಿಗೆ ಗೊತ್ತಾದದ್ದು ಹೊಟ್ಟೆ ಕೆಟ್ಟ ಮೇಲೆ. ಅವಳಿಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದೂ ಅಲ್ಲೇ, ಮದುವೆಯಾಗಿ ನಾಲ್ಕು ವರ್ಷದ ಮೇಲೆ.

ತಿರುಗಾಡಲೆಂದು ಹೊರಟಿದ್ದರೆ ಗೋದಾಬಾಯಿ ಒಂದು ಹೆಜ್ಜೆಯೂ ಕಳಿಸುತ್ತಿರಲಿಲ್ಲ. ದವಾಖಾನೆ ಎಂದರೆ ತಾವೇ ಮುಂದಾಗಿ ಚಾದರ, ನೀರಿನ ತಂಬಿಗೆ ಕಟ್ಟಿಕೊಡುತ್ತಿದ್ದರು.

“ದವಾಖಾನಿ ಕೆಲಸಕ್ಕ ಇಲ್ಲ ಅನಬಾರದು,” ಎನ್ನುತ್ತಿದ್ದರು ಅವರು. “ನಿಮ್ಮಪ್ಪ ಏನೂ ಆಗಿಲ್ಲ, ಏನೂ ಆಗಿಲ್ಲ ಅನಕೋತನ ಹ್ವಾದ್ರು.”

ಹೀಗೆ ಐದು ವರ್ಷ ನಡೆಯಿತು. ತೊಂಬತ್ತರ ಬೇಸಿಗೆಯಲ್ಲಿ ಒಂದು ವಿಚಿತ್ರ ಆಯಿತು. ಊಟವಾಗಿ ಅರ್ಧ ಗಂಟೆ ಕಳೆಯಿತು, ನೋವು ಬರಲಿಲ್ಲ. ಮರುದಿನವೂ ಬರಲಿಲ್ಲ. ದಿನಾ ಬರುವ ಹಾಲಿನವಳು ತಪ್ಪಿಸಿಕೊಂಡರೆ ಹೇಗೆ ಕಾಯುತ್ತೇವೋ ಹಾಗೆ ಸುಲೋಚನಾ ಕಾದಳು. ಒಂದು ತಿಂಗಳು ಯಾರಿಗೂ ಹೇಳಲಿಲ್ಲ. ಹೇಳಿದರೆ ದೃಷ್ಟಿಯಾದೀತು ಎಂಬ ಭಯ. ಮಾತ್ರೆಯಿಂದಲೋ, ವಯಸ್ಸಿನಿಂದಲೋ, ಹೊಟ್ಟೆ ತಾನಾಗಿ ಮುನಿಸು ಬಿಟ್ಟಿತೋ, ಅಂತೂ ನೋವು ಹೋಗಿತ್ತು. ಇವತ್ತು ಹೇಳಿಯೇಬಿಡೋಣ ಎಂದು ಒಂದು ಸಂಜೆ ಗಟ್ಟಿ ಮನಸ್ಸು ಮಾಡಿ ನಿಂತಳು. ರಮಾಕಾಂತ ಬಂದ, ಕಾಲು ತೊಳೆದ, ಮುಖ ಒರೆಸಿಕೊಳ್ಳುತ್ತ ಅವಳ ಕಡೆಗೆ ನೋಡಿ ಕೇಳಿದ:

“ಇವತ್ತು ಹ್ಯಾಂಗದ?”

ಆ ದನಿಯಲ್ಲಿ ಎಷ್ಟು ಕಳಕಳಿ ಇತ್ತೆಂದರೆ, ಆರಾಮಾಗಿದೆ ಎಂದುಬಿಟ್ಟರೆ ನಾಳೆಯಿಂದ ಈ ಪ್ರಶ್ನೆಯೇ ಇರುವುದಿಲ್ಲವಲ್ಲ ಎಂದು ಅವಳಿಗೆ ಥಟ್ಟನೆ ಹೊಳೆಯಿತು. ಪ್ರಶ್ನೆಯಿಲ್ಲ, ರೈಲಿಲ್ಲ, ಸಮುದ್ರವಿಲ್ಲ.

“ಅಷ್ಟೇ ಅದರಿ,” ಎಂದಳು.

ಇದನ್ನು ಸುಳ್ಳು ಎನ್ನಿ, ಮೋಸ ಎನ್ನಿ. ಅವಳೂ ಅದನ್ನೇ ಅಂದುಕೊಂಡಳು. ಆದರೆ ಸುಳ್ಳು ಹೇಳಿ ಸುಖಪಟ್ಟಳು ಎಂದು ಮಾತ್ರ ತಿಳಿಯಬೇಡಿ. ಹೊಟ್ಟೆಗೆ ಈಗ ಕಲ್ಲು ಹಾಕಿದರೂ ಅರಗುತ್ತಿತ್ತು, ತಟ್ಟೆಯಲ್ಲಿ ಮಾತ್ರ ಅದೇ ಮೆತ್ತನ್ನ, ಅದೇ ನೀರುಮಜ್ಜಿಗೆ. ಎದುರಿಗೆ ಮಗಳು ಆವಕಾಯಿ ಉಪ್ಪಿನಕಾಯಿ ಕಲಸಿಕೊಂಡು ಬೆರಳು ಚೀಪುತ್ತಿದ್ದಳು. ತಡೆಯಲಾರದೆ ಸುಲೋಚನಾ ಮಧ್ಯಾಹ್ನ ಅತ್ತೆಗೆ ಜೋಂಪು ಹತ್ತಿದಾಗ ಕೆಳಗಿಳಿದು ಕೋಟೇಶ್ವರಮ್ಮನ ಅಡುಗೆಮನೆಯಲ್ಲಿ ಗೋಂಗೂರ ಎಂಬ ಪುಂಡಿಸೊಪ್ಪಿನ ಪಚ್ಚಡಿ, ಬಿಸಿ ಅನ್ನ, ಮೇಲೆ ಹಸಿ ಈರುಳ್ಳಿ ಕಡಿದುಕೊಂಡು ತಿನ್ನುತ್ತಿದ್ದಳು. ಕಣ್ಣಲ್ಲಿ ನೀರು ಬರುವಷ್ಟು ಖಾರ. ಕೋಟೇಶ್ವರಮ್ಮ ಎಲ್ಲ ಬಲ್ಲವಳಂತೆ, “ತಿನಮ್ಮಾ, ತಿನು. ನೇನು ಎವರಿಕೀ ಚೆಪ್ಪನುಲೇ,” ಎಂದು, ಯಾರಿಗೂ ಹೇಳುವುದಿಲ್ಲವೆಂಬ ಭರವಸೆ ಕೊಟ್ಟು, ಇನ್ನೊಂದು ತುತ್ತು ಬಡಿಸುತ್ತಿದ್ದಳು.

ಎಲ್ಲಕ್ಕಿಂತ ಕಷ್ಟದ್ದು ಪೈಪು. ಹೆಬ್ಬೆರಳು ದಪ್ಪದ ಕಪ್ಪು ಪೈಪು ಗಂಟಲಲ್ಲಿ ಇಳಿಯುವಾಗ ಜೀವ ಬಾಯಿಗೆ ಬರುತ್ತದೆ, ಅನುಭವಿಸಿದವರಿಗೇ ಗೊತ್ತು. ನೋವಿದ್ದಾಗ ಅದನ್ನು ನುಂಗುವುದು ಒಂದು ಲೆಕ್ಕ. ಸುಲೋಚನಾ ತೊಂಬತ್ತರಲ್ಲೂ ತೊಂಬತ್ತೊಂದರಲ್ಲೂ, ಹೊಟ್ಟೆ ಗಟ್ಟಿಮುಟ್ಟಾಗಿದ್ದಾಗಲೇ, ಎಡ ಮಗ್ಗುಲಿಗೆ ಮಲಗಿ ಅದನ್ನು ನುಂಗಿದಳು. ಸಂಜೆ ದಂಡೆಯ ಮೇಲೆ ಕೂತು ಗಂಡನ ಮಾತು ಕೇಳಿದಳು.

ತೊಂಬತ್ತೆರಡರ ದೀಪಾವಳಿಗೆ ಬ್ಯಾಂಕಿನ ವರ್ಗಾವಣೆಯ ಆದೇಶ ಬಂತು. ಧಾರವಾಡಕ್ಕೆ. ಹನ್ನೊಂದು ವರ್ಷದಲ್ಲಿ ರಮಾಕಾಂತನನ್ನು ಗನ್ನವರಂ, ಗುಡಿವಾಡ ಎಂದು ಸುತ್ತಮುತ್ತ ತಿರುಗಿಸಿದವರು ಈಗ ಒಮ್ಮೆಲೇ ಊರಿಗೇ ಕಳಿಸುತ್ತೇವೆ ಎಂದಿದ್ದರು. ಗೋದಾಬಾಯಿ ಸುದ್ದಿ ಕೇಳಿ ದೇವರಿಗೆ ತುಪ್ಪದ ದೀಪ ಹಚ್ಚಿದರು. ಮರುದಿನ ಬೆಳಿಗ್ಗೆ ನೋಡಿದರೆ ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳನ್ನೆಲ್ಲ ಇಳಿಸಿ, ಹಳೆ ಸೀರೆಯ ತುಂಡುಗಳಲ್ಲಿ ಸುತ್ತಿ ಗಂಟು ಕಟ್ಟುತ್ತ ಕೂತಿದ್ದರು. ಎಪ್ಪತ್ತೆರಡು ವರ್ಷದ ಮುದುಕಿ ಹಾಡಿನ ಸೊಲ್ಲೊಂದನ್ನು ಗುನುಗುತ್ತಿದ್ದುದನ್ನು ಸುಲೋಚನಾ ಮೊದಲ ಸಲ ಕೇಳಿದಳು. ಧಾರವಾಡದಲ್ಲಿ ಅವರ ತಂಗಿ ಇದ್ದಳು, ಮಠವಿತ್ತು, ಹೆಸರು ಹಿಡಿದು ಕರೆಯುವ ನಾಲ್ಕು ಜನ ಇದ್ದರು.

ನಾಲ್ಕನೆಯ ದಿನ ರಮಾಕಾಂತ ಊಟಕ್ಕೆ ಕೂತು, ತಟ್ಟೆಯ ಕಡೆಗೇ ನೋಡುತ್ತ ಹೇಳಿದ:

“ನಾ ಹೋಗೂದಿಲ್ಲಂತ ಬ್ಯಾಂಕಿಗೆ ಬರದು ಕೊಡ್ತೀನವ್ವಾ. ಡಾಕ್ಟರ್ ಸರ್ಟಿಫಿಕೇಟ್ ಹಚ್ಚಿದ್ರ ಇಲ್ಲೇ ಇಡ್ತಾರ. ಆ ಡಾಕ್ಟರ ಕೈಗುಣದಿಂದ ಇಕಿ ಇಷ್ಟರ ಇದ್ದಾಳ. ಅಲ್ಲೆ ಹೋಗಿ ಮತ್ತ ಹೆಚ್ಚಾತಂದ್ರ ಏನು ಮಾಡೂದು?”

ಅಡುಗೆಮನೆಯಲ್ಲಿ ಸುಲೋಚನಾಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅತ್ತೆ ಈಗ ಸಿಡಿಯುತ್ತಾರೆ, ಸಿಡಿಯಲಿ, ಹನ್ನೊಂದು ವರ್ಷ ಕಾದ ಮುದುಕಿ ಸುಮ್ಮನೆ ಬಿಡುವುದಿಲ್ಲ ಎಂದುಕೊಂಡಳು. ಗೋದಾಬಾಯಿ ಮಗನ ತಟ್ಟೆಗೆ ಮಜ್ಜಿಗೆ ಹಾಕಿದರು.

“ಧಾರವಾಡ ಎಲ್ಲಿ ಓಡಿ ಹೋಗ್ತದ,” ಎಂದರು. “ಮೊದಲ ಆಕಿ ಹೊಟ್ಟಿ ನೆಟ್ಟಗಾಗಲಿ. ಒಬ್ಬರ್ನ ಕಳಕೊಂಡೀವಿ, ಸಾಕು.”

ಆ ಮಧ್ಯಾಹ್ನ ಗೋದಾಬಾಯಿ ಗಂಟು ಬಿಚ್ಚಿದರು. ಒಂದೊಂದೇ ತಂಬಿಗೆ, ಒಂದೊಂದೇ ಕೊಳಗ ತೆಗೆದು, ಸೀರೆಯ ತುಂಡನ್ನು ಮಡಿಸಿಟ್ಟು, ಸ್ಟೂಲಿನ ಮೇಲೆ ನಿಂತು ಅಟ್ಟಕ್ಕೆ ಏರಿಸಿದರು. ಸುಲೋಚನಾ ಸಹಾಯಕ್ಕೆ ಹೋದರೆ, ನೀ ಭಾರ ಎತ್ತಬ್ಯಾಡ, ಹೊಟ್ಟಿ ಹಿಡದೀತು ಎಂದು ದೂರ ಸರಿಸಿದರು. ಸುಲೋಚನಾ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ತನ್ನ ಮೂರು ದಿನದ ಸುಖಕ್ಕೆ ಈ ಮುದುಕಿಯ ಊರನ್ನೇ ನುಂಗಿಬಿಟ್ಟೆನಲ್ಲ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಈಗ ಹೇಳಬೇಕು. ಹೇಳಿದರೆ ಎರಡು ವರ್ಷ ತನ್ನನ್ನು ನಂಬಿದ ಗಂಡ ಮತ್ತೆ ಯಾವತ್ತಾದರೂ ನಂಬುತ್ತಾನೆಯೇ? ಸ್ಕೂಟರ್ ಬಿಟ್ಟುಕೊಟ್ಟವನು, ರಜೆಯೆಲ್ಲ ಸುರಿದವನು. ಮನೆಯಲ್ಲಿ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಸರ್ಟಿಫಿಕೇಟಿಗೆಂದು ಅವರು ವಿಶಾಖಪಟ್ಟಣದ ರೈಲು ಹತ್ತಿದರು. ಗೋದಾವರಿ ಬಂತು, ಹೋಯಿತು. ರಮಾಕಾಂತ ಮಾತು ಶುರುಮಾಡಿದ. ಅವಳಿಗೆ ಒಂದು ಶಬ್ದವೂ ತಲೆಗೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಆಸ್ಪತ್ರೆಯ ಮಂಚದ ಮೇಲೆ ಕೂತಾಗ, ಗಂಟಲಿಗೆ ಔಷಧ ಚಿಮುಕಿಸಲು ಬಂದ ನರ್ಸಿನ ಕೈಯನ್ನು ಸುಲೋಚನಾ ಹಿಡಿದುಕೊಂಡಳು. ಡಾಕ್ಟರ ಜೊತೆ ಎರಡು ಮಾತಿದೆ, ಮರಗಟ್ಟುವ ಮೊದಲು ಆಡಬೇಕು ಎಂದಳು. ಡಾಕ್ಟರು ಬಂದರು. ಇಷ್ಟು ವರ್ಷದಲ್ಲಿ ಅವಳ ತೆಲುಗು ಅಚ್ಚುಕಟ್ಟಾಗಿತ್ತು.

“ಡಾಕ್ಟರುಗಾರೂ, ನನಗೆ ನೋವಿಲ್ಲ. ಎರಡು ವರ್ಷದಿಂದ ಇಲ್ಲ,” ಎಂದು ಆ ತೆಲುಗಿನಲ್ಲಿ ಹೇಳಿದಳು.

ನರಸಿಂಹಮೂರ್ತಿ ಕೈಗವಸು ಹಾಕಿಕೊಳ್ಳುತ್ತಿದ್ದವರು ನಿಲ್ಲಿಸಿದರು. “ಮತ್ತೆ ಹೋದ ವರ್ಷ ಪೈಪು ಹಾಕಿಸಿಕೊಂಡಿರಲ್ಲಮ್ಮ?”

ಸುಲೋಚನಾ ಎಲ್ಲವನ್ನೂ ಹೇಳಿದಳು. ಎರಡು ಖೋಲಿಯ ಮನೆ, ಸಂಜೆಯ ಪ್ರಶ್ನೆ, ಸಮುದ್ರ, ಧಾರವಾಡ, ಅತ್ತೆಯ ಪಾತ್ರೆಗಳು. ಹೇಳುತ್ತ ಹೇಳುತ್ತ ತಲೆ ತಗ್ಗಿಸಿದಳು. ಡಾಕ್ಟರು ಕನ್ನಡಕ ತೆಗೆದು ಕೋಟಿನ ಅಂಚಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು.

“ಮೂವತ್ತು ವರ್ಷ ಆಯಿತು ನಾನು ಹೊಟ್ಟೆ ನೋಡುತ್ತ,” ಎಂದರು. “ಪೈಪು ಬೇಡ ಎಂದು ಅತ್ತವರನ್ನು ನೋಡಿದ್ದೇನೆ, ಓಡಿಹೋದವರನ್ನು ನೋಡಿದ್ದೇನೆ. ನಾನೂ ಕೇಳಿ ತಿಳಿಯಬೇಕಾಗಿತ್ತು. ನಾನು ಬರೀ ಹೊಟ್ಟೆಯ ವಿಷಯ ಕೇಳಿದೆ. ಈಗ ಹೇಳಿ, ನಿಮ್ಮ ಯಜಮಾನರಿಗೆ ನಾನು ಹೇಳಲೋ, ನೀವು ಹೇಳುತ್ತೀರೋ?”

“ನಾನೇ ಹೇಳುತ್ತೇನೆ.”

“ಸರ್ಟಿಫಿಕೇಟ್ ಬರೆಯುವುದಿಲ್ಲ. ನಾಳೆ ಇಬ್ಬರೂ ಬನ್ನಿ,” ಎಂದು ಅವರು ಕೈಗವಸು ಕಳಚಿದರು.

ಹೊರಗೆ ಬೆಂಚಿನ ಮೇಲೆ ರಮಾಕಾಂತ ಎರಡೂ ಮುಷ್ಟಿ ಬಿಗಿದುಕೊಂಡು ಕೂತಿದ್ದ. ಇಷ್ಟು ಬೇಗ ಆಯಿತೇ ಎಂದು ಎದ್ದುನಿಂತ. ಇವತ್ತು ಪೈಪು ಬೇಡವೆಂದರು, ನಡೆಯಿರಿ, ದಂಡೆಗೆ ಹೋಗೋಣ ಎಂದಳು ಸುಲೋಚನಾ. ಬೆಳಗಿನ ಹತ್ತು ಗಂಟೆ. ಬಿಸಿಲು ಆಗಲೇ ಕಾದಿತ್ತು. ಬಲೆ ಒಣಹಾಕುವ ಮೀನುಗಾರರನ್ನು ಬಿಟ್ಟರೆ ಅಲ್ಲಿ ಯಾರೂ ಇರಲಿಲ್ಲ. ಅವಳು ಮರಳಿನ ಮೇಲೆ ಕೂತಳು, ಅವನು ನಿಂತೇ ಇದ್ದ.

“ನನ್ನ ಹೊಟ್ಟಿ ನೋಯೂದಿಲ್ಲರೀ,” ಎಂದಳು.

“ಇವತ್ತು?”

“ಎರಡು ವರ್ಷಾತು.”

ರಮಾಕಾಂತ ಬೆರಳು ಮಡಿಚಿ ಎಣಿಸಿದ. “ಹೋದ ವರ್ಷ ಪೈಪು ನುಂಗಿದಿಯಲ್ಲ?”

“ಹೂಂ.”

“ಅದರ ಹಿಂದಿನ ವರ್ಷ?”

“ಹೂಂ.”

“ನೋವು ಇಲ್ಲದನ?”

“ಇಲ್ಲದನ.”

“ಯಾಕ?”

ಸುಲೋಚನಾ ಉತ್ತರವನ್ನು ರೈಲಿನುದ್ದಕ್ಕೂ ಹತ್ತು ಬಗೆಯಾಗಿ ಜೋಡಿಸಿಟ್ಟಿದ್ದಳು. ಬಾಯಿಗೆ ಬಂದದ್ದು ಬೇರೆಯೇ.

“ಇಲ್ಲೆ ಬಂದಾಗ ನೀವು ಮಾತಾಡ್ತಿದ್ರಿ,” ಎಂದಳು.

ಅವನು ನೀರಿನ ಕಡೆಗೆ ನಡೆದ. ಪ್ಯಾಂಟು ಒದ್ದೆಯಾಗುವವರೆಗೆ ನಡೆದು ಅಲ್ಲೇ ಬೆನ್ನು ತಿರುಗಿಸಿ ನಿಂತ. ತಿರುಗಿ ಬಂದಾಗ ಮುಖ ಕೆಂಪಾಗಿತ್ತು. ಅವನಿಗೆ ಸಿಟ್ಟು ಬಂದದ್ದನ್ನು ಅವಳು ಅದುವರೆಗೆ ನೋಡಿರಲಿಲ್ಲ.

“ಹೊರಗ ಬೆಂಚಿನ ಮ್ಯಾಲೆ ಕೂತು ನಾ ಏನು ಅನುಭವಿಸೀನಿ ನಿನಗ ಗೊತ್ತದ ಏನು?” ಎಂದ. “ಪ್ರತಿ ಸರ್ತಿ ನಿನ್ನ ಒಳಗ ಕರಕೊಂಡು ಹ್ವಾದಾಗ ನಾ ಟಾಂಗಾದಾಗ ಕೂತಿರತಿದ್ದೆ. ಅಪ್ಪನ ತಲಿ ತೊಡಿ ಮ್ಯಾಲೆ. ಪ್ರತಿ ಸರ್ತಿ.”

 ಸುಲೋಚನಾ ಹಣದ ಲೆಕ್ಕ ಹಾಕಿದ್ದಳು, ರಜೆಯ ಲೆಕ್ಕ ಹಾಕಿದ್ದಳು, ತನ್ನ ಗಂಟಲಿನ ಲೆಕ್ಕವನ್ನೂ ಹಾಕಿದ್ದಳು. ಬೆಂಚಿನ ಮೇಲೆ ಕೂತವನ ಲೆಕ್ಕ ಹಾಕಿರಲಿಲ್ಲ.  ಅವನು ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. ಮೂರು ಮಾರು ದೂರದಲ್ಲಿ ಕೂತು ಒದ್ದೆ ಪ್ಯಾಂಟಿನ ಮರಳು ಕೊಡವುತ್ತಿದ್ದ. ಬಲೆಯವರು ಕೆಲಸ ಮುಗಿಸಿ ಹೋದರು. ಆಮೇಲೆ ಅವನೇ ಕೇಳಿದ:

“ಗಂಟಲಾ ನೋಯ್ತಿದ್ದಿಲ್ಲೇನು?”

“ನೋಯ್ತಿತ್ತು. ಮೂರು ದಿನ ಉಗುಳು ನುಂಗಲಿಕ್ಕೆ ಬರತಿದ್ದಿಲ್ಲ.”

“ಎರಡು ಸರ್ತಿ,” ಎಂದ ರಮಾಕಾಂತ. “ನನ್ನ ಹಾಳು ಹರಟಿ ಕೇಳಲಿಕ್ಕೆ ಅದನ್ನ ಎರಡು ಸರ್ತಿ ನುಂಗಿದಿ.”  ಹಗಲು ಹನ್ನೊಂದಕ್ಕೆ, ಊರ ಬಯಲಿನಲ್ಲಿ, ನಲವತ್ತು ವರ್ಷದ ಬ್ಯಾಂಕ್ ಆಫೀಸರು ಮೊಣಕಾಲಿನ ಮೇಲೆ ಮುಖವಿಟ್ಟು ಅತ್ತ. ಸುಲೋಚನಾ ಮೂರು ಮಾರು ಸರಿದು ಅವನ ಪಕ್ಕಕ್ಕೆ ಹೋಗಿ ಕೂತಳು. ಯಾರಾದರೂ ನೋಡಿಯಾರು ಎಂದು ಇಬ್ಬರಿಗೂ ಅನಿಸಲಿಲ್ಲ.

ಮರುದಿನ ಡಾಕ್ಟರು ಇಪ್ಪತ್ತು ನಿಮಿಷದ ಬದಲು ಐದೇ ನಿಮಿಷ ಮಾತಾಡಿದರು. ಈ ನೋವು ಮತ್ತೆ ಬರಲೂಬಹುದು, ಬಂದರೆ ಹೆದರಬೇಕಾಗಿಲ್ಲ, ಧಾರವಾಡದ ಕಡೆಯೂ ಒಳ್ಳೆಯ ಡಾಕ್ಟರುಗಳಿದ್ದಾರೆ ಎಂದರು. ಫೀಸು ತೆಗೆದುಕೊಳ್ಳಲಿಲ್ಲ. ಉಳಿದ ದಿನ ಏನು ಮಾಡುವುದೆಂದು ಗಂಡಹೆಂಡಿರಿಗೆ ತೋಚಲಿಲ್ಲ. ಕಾಯಿಲೆಯ ನೆಪವಿಲ್ಲದೆ ಪರಊರಿನಲ್ಲಿ ಇಬ್ಬರೇ ಇರುವುದು ಅವರಿಗೆ ಗೊತ್ತಿರಲಿಲ್ಲ. ರಮಾಕಾಂತ ಹೊಸ ಮದುಮಗನಂತೆ ನಾಚಿಕೊಂಡು, ಸಿಂಹಾಚಲಕ್ಕೆ ಹೋಗೋಣೇನು ಎಂದ. ಹೋದರು. ಗುಡ್ಡದ ಮೇಲಿನ ಗುಡಿಯ ಮೆಟ್ಟಿಲು ಹತ್ತುವಾಗ ಅವನು ಅಭ್ಯಾಸಬಲದಿಂದ ಹೊಟ್ಟಿ ಹ್ಯಾಂಗದ ಎಂದು ಕೇಳಲು ಬಾಯಿ ತೆರೆದು, ಮುಚ್ಚಿಕೊಂಡ. ಆಮೇಲೆ ಅವಳ ಅಪ್ಪ ಅಮ್ಮ ಹೇಗಿದ್ದರು, ಸಣ್ಣವಳಿದ್ದಾಗ ಏನು ಆಡುತ್ತಿದ್ದಳು ಎಂದು ಕೇಳಿದ. ಏಳು ವರ್ಷ ಅವನ ಮಾತು ಕೇಳಿದ್ದಳು ಅವಳು. ಆ ದಿನ ಅವನು ಕೇಳಿದ.

ವಿಜಯವಾಡ ಮುಟ್ಟಿದಾಗ ಸಂಜೆಯಾಗಿತ್ತು. ಗೋದಾಬಾಯಿ ದೇವರ ಮುಂದೆ ಕೂತು ಹತ್ತಿಯ ಬತ್ತಿ ಹೊಸೆಯುತ್ತಿದ್ದರು. ಪದ್ಮಾ ಕೆಳಗೆ ಆಡಲು ಹೋಗಿದ್ದಳು.

“ಏನಂದ್ರು ಡಾಕ್ಟರು?”

ರೈಲಿನಲ್ಲಿ ರಮಾಕಾಂತ ಒಂದು ಉತ್ತರ ಕಟ್ಟಿಕೊಂಡು ಬಂದಿದ್ದ: ಗುಣವಾಗಿದೆ ಎಂದರು, ಇನ್ನು ಬರಬೇಕಾಗಿಲ್ಲ ಎಂದರು. ಅದು ಸುಳ್ಳೂ ಅಲ್ಲ. ಅವನು ಬಾಯಿ ತೆರೆಯುವ ಮೊದಲೇ ಸುಲೋಚನಾ ಅತ್ತೆಯ ಎದುರಿಗೆ ನೆಲದ ಮೇಲೆ ಕೂತಳು. ಎಲ್ಲವನ್ನೂ ಹೇಳಿದಳು. ಒಂದು ಹಿತ್ತಾಳೆಯ ತಂಬಿಗೆಯನ್ನೂ ಬಿಡಲಿಲ್ಲ. ನಿಮ್ಮ ಊರನ್ನು ತಪ್ಪಿಸಲು ಹೊರಟಿದ್ದೆ, ನನ್ನನ್ನು ಏನು ಬೇಕಾದರೂ ಅನ್ನಿರಿ ಎಂದಳು.

ಗೋದಾಬಾಯಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. ಅಂಗೈಯಲ್ಲಿ ಹತ್ತಿ ತಿರುಗುತ್ತಲೇ ಇತ್ತು. ಮಗನ ಮುಖ ನೋಡಿದರು, ಸೊಸೆಯ ಮುಖ ನೋಡಿದರು.

“ಸಮುದ್ರ ನೋಡಿ ಬರ್ತೀನಿ ಅಂತ ಕೇಳಿದ್ರ ನಾ ಕಳಸತಿದ್ದಿಲ್ಲ,” ಎಂದರು. “ಖರೇನ ಹೇಳ್ತೀನಿ. ಕಳಸತಿದ್ದಿಲ್ಲ.”

 ಗೋದಾಬಾಯಿ ಇನ್ನೊಂದು ಬತ್ತಿ ಮುಗಿಸಿ ತಟ್ಟೆಗೆ ಹಾಕಿದರು, ಮಂಡಿ ಹಿಡಿದುಕೊಂಡು ಎದ್ದರು. ಸೊಸೆಯ ತಲೆಯ ಮೇಲೆ ಕೈಯಿಟ್ಟರು. ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು.

“ರಮಾಕಾಂತ,” ಎಂದರು, “ಧಾರವಾಡದಾಗ ಮನಿ ನೋಡೂ ಮುಂದ ಮೂರು ಖೋಲಿದು ನೋಡು. ನನ್ನ ಖೋಲಿಗೆ ಒಂದು ಗಟ್ಟಿ ಬಾಗಲಾ ಇರಲಿ. ಒಳಗಿಂದ ನಾನ ಹಾಕ್ಕೋತೀನಿ.”